ನಡುದಾರಿ ಯಾರದು?

ಯುನಿಸೆಫ್ ಎಂಬ ಹೆಸರಿನಲ್ಲಿ ಎರಡು ಅನಾಥ ಅಕ್ಷರಗಳಿವೆ. 1946ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ ಇದನ್ನು ಹುಟ್ಟುಹಾಕಿದಾಗ ಇಟ್ಟ ಪೂರ್ತಿ ಹೆಸರು 'ಯುನೈಟೆಡ್ ನೇಷನ್ಸ್ ಇಂಟರ್‌ನ್ಯಾಷನಲ್ ಚಿಲ್ಡ್ರನ್ಸ್ ಎಮರ್ಜೆನ್ಸಿ ಫಂಡ್'. ಮಹಾಯುದ್ಧದಲ್ಲಿ ಹಾಳಾದ ದೇಶಗಳ ಮಕ್ಕಳಿಗೆ ಹಾಲು, ಬಟ್ಟೆ, ಔಷಧಿ ಮುಟ್ಟಿಸುವುದು ಆಗಿನ ಕೆಲಸ. 1953ರಲ್ಲಿ ಸಂಸ್ಥೆ ಕಾಯಂ ಆಯಿತು. ಹೆಸರಿನಿಂದ 'ಇಂಟರ್‌ನ್ಯಾಷನಲ್' ಹೋಯಿತು, 'ಎಮರ್ಜೆನ್ಸಿ'ಯೂ ಹೋಯಿತು. ಆದರೆ ಚಿಕ್ಕ ಹೆಸರು ಅಷ್ಟರಲ್ಲಾಗಲೇ ಜನರ ಬಾಯಲ್ಲಿ ನೆಲೆಯೂರಿತ್ತು, ಅದನ್ನು ಮಾತ್ರ ಹಾಗೇ ಇಟ್ಟುಕೊಂಡರು. ತುರ್ತು ಎಂಬ ಪದ ಇಲ್ಲ, ಅದರ ಮೊದಲಕ್ಷರ ಇದೆ.

ಪದ ಬಿಟ್ಟರೂ ತುರ್ತು ಬಿಡಲಿಲ್ಲ. ಇಂದು ನ್ಯೂಯಾರ್ಕ್‌ನ ಕೇಂದ್ರ ಕಚೇರಿಯಲ್ಲಿ ತುರ್ತು ಕಾರ್ಯಕ್ರಮಗಳಿಗೆಂದೇ ಒಂದು ವಿಭಾಗವಿದೆ. ಹಗಲು ರಾತ್ರಿ ಎಚ್ಚರವಿರುವ ಕಾರ್ಯಾಚರಣಾ ಕೇಂದ್ರವಿದೆ. 2025ನೇ ಸಾಲಿಗೆ ಯುನಿಸೆಫ್ ತುರ್ತು ನೆರವಿಗಾಗಿ ಕೇಳಿದ್ದು 990 ಕೋಟಿ ಡಾಲರ್. 146 ದೇಶಗಳ 10.9 ಕೋಟಿ ಮಕ್ಕಳ ಹೆಸರಿನಲ್ಲಿ ಕೇಳಿದ ಹಣ ಅದು. ಇಂಥ ಸಂಸ್ಥೆ ನಾಲ್ಕು ವರ್ಷಕ್ಕೊಂದು ಕಾರ್ಯತಂತ್ರ ಯೋಜನೆ ಮಾಡಿಕೊಳ್ಳುತ್ತದೆ: 2018ರಿಂದ 2021, 2022ರಿಂದ 2025. ಅದಕ್ಕೆ ಹೊಂದಿಕೊಂಡು ಒಳಗಿನ ಕಚೇರಿಗಳು ತಮ್ಮ ತಮ್ಮ ಯೋಜನೆ ಬರೆಯುತ್ತವೆ. ಎರಡು ವರ್ಷ ಕಳೆದ ಮೇಲೆ ಕುಳಿತು, ಅರ್ಧ ದಾರಿ ಬಂದೆವು, ಎಲ್ಲಿದ್ದೇವೆ ಎಂದು ನೋಡಿಕೊಳ್ಳುತ್ತವೆ. ಇದಕ್ಕೆ ಮಧ್ಯಾವಧಿ ಪರಾಮರ್ಶೆ ಎನ್ನುತ್ತಾರೆ.

ನನ್ನ ತಕರಾರು ಈ 'ಅರ್ಧ ದಾರಿ'ಯ ಮೇಲೆ. ಯಾರ ದಾರಿಯಲ್ಲಿ ಅರ್ಧ? ಕಚೇರಿಯ ಕ್ಯಾಲೆಂಡರಿಗೆ ನಡುಭಾಗವಿದೆ. ನೆರೆಗೆ, ಬರಕ್ಕೆ, ಯುದ್ಧಕ್ಕೆ ಅಂಥದ್ದೊಂದು ಇರುವುದಿಲ್ಲ. ಕಚೇರಿ ತನ್ನ ಯೋಜನೆಯ ಬಗ್ಗೆ, ತನ್ನ ಭಾಷೆಯಲ್ಲಿ, ತನ್ನನ್ನೇ ಕೇಳಿಕೊಂಡು, ತನಗೆ ಹಣ ಕೊಟ್ಟವರಿಗೆ ಒಪ್ಪಿಸುವ ಉತ್ತರವನ್ನು ಪರಾಮರ್ಶೆ ಎಂದು ಕರೆಯುವುದು ಸರಿಯಲ್ಲ ಎನ್ನುವುದು ಈ ಬರಹದ ವಾದ. ಇದು ಯುನಿಸೆಫ್ ಒಂದರ ಮೇಲಿನ ದೂರಲ್ಲ. ನೆರವಿನ ಲೋಕದ ಇಡೀ ಅಭ್ಯಾಸದ ಮೇಲಿನ ಆಕ್ಷೇಪ.

ಸಾಹಿತ್ಯದ ಪತ್ರಿಕೆಯಲ್ಲಿ ಇದೇಕೆ ಎಂದು ಕೇಳಬಹುದು. ವರದಿಯೂ ಒಂದು ಗದ್ಯಪ್ರಕಾರ ಎಂಬುದು ಮೊದಲ ಉತ್ತರ. ನಾನು ಪಿಎಚ್‌ಡಿಗಾಗಿ ಓದುತ್ತಿರುವುದು ಬರಗಾಲದ ದಾಖಲೆಗಳ ಭಾಷೆಯನ್ನು. ಕಾದಂಬರಿಯಲ್ಲಿ ಯಾರು ಮಾತಾಡುತ್ತಾರೆ, ಯಾರ ಕಣ್ಣಿನಿಂದ ಕಥೆ ಕಾಣುತ್ತದೆ ಎಂದು ತರಗತಿಯಲ್ಲಿ ಗಂಟೆಗಟ್ಟಲೆ ಚರ್ಚಿಸುವ ನಾವು, ಕೋಟ್ಯಂತರ ಜನರ ಅನ್ನ ನೀರು ನಿರ್ಧರಿಸುವ ಗದ್ಯಕ್ಕೆ ಅದೇ ಪ್ರಶ್ನೆಯನ್ನು ಕೇಳುವುದಿಲ್ಲ. ಕೇಳಿದರೆ ಮೊದಲು ಕಣ್ಣಿಗೆ ಬೀಳುವುದು ಕರ್ತೃವಿಲ್ಲದ ವಾಕ್ಯಗಳು. 'ಕ್ರಮ ಕೈಗೊಳ್ಳಲಾಗಿದೆ', 'ಸಾಮರ್ಥ್ಯ ಬಲಪಡಿಸಲಾಗಿದೆ', 'ಕೆಲವು ಸವಾಲುಗಳು ಎದುರಾಗಿವೆ'. ಯಾರು ಕೈಗೊಂಡರು? ಯಾರ ಸಾಮರ್ಥ್ಯ? ಸವಾಲು ಎದುರಾದದ್ದು ಯಾರಿಗೆ? ಈ ಪ್ರಶ್ನೆಗಳಿಗೆ ವ್ಯಾಕರಣದಲ್ಲೇ ಜಾಗವಿಲ್ಲ.

ಈ ಗದ್ಯ ನಮಗೆ ಹೊರಗಿನದೇನಲ್ಲ. ತಾಲ್ಲೂಕು ಪಂಚಾಯಿತಿಯ ಕೆಡಿಪಿ ಸಭೆಯಲ್ಲಿ ಕುಳಿತವರಿಗೆ ಗೊತ್ತು. ಇಲಾಖೆಗಳು ಒಂದೊಂದಾಗಿ ಎದ್ದು ನಿಂತು ಭೌತಿಕ ಪ್ರಗತಿ ಇಷ್ಟು, ಆರ್ಥಿಕ ಪ್ರಗತಿ ಇಷ್ಟು ಎಂದು ಶೇಕಡಾವಾರು ಓದುತ್ತವೆ. ಹಣ ಖರ್ಚಾಗಿದ್ದರೆ ಪ್ರಗತಿ. ನಾನೂ ಆರು ತಿಂಗಳಿಗೊಮ್ಮೆ ನನ್ನ ಸಂಶೋಧನೆಯ ಪ್ರಗತಿ ವರದಿ ಸಲ್ಲಿಸುತ್ತೇನೆ. ಎಷ್ಟು ಅಧ್ಯಾಯ, ಎಷ್ಟು ವಿಚಾರ ಸಂಕಿರಣ, ಎಷ್ಟು ಪ್ರಬಂಧ ಎಂಬ ಕಾಲಂಗಳಿವೆ. ಏನು ತಿಳಿಯಿತು ಎಂಬ ಕಾಲಂ ಇಲ್ಲ. ನನ್ನ ವರದಿಯಿಂದ ಯಾರ ಊಟವೂ ತಪ್ಪುವುದಿಲ್ಲ, ಹಾಗಾಗಿ ನಕ್ಕು ಸಹಿ ಹಾಕಬಹುದು. ತುರ್ತು ನೆರವಿನ ವರದಿಗೆ ಆ ಸೌಲಭ್ಯವಿಲ್ಲ.

ನಮ್ಮ ನೆಲದಲ್ಲೇ ನಡೆದ ಒಂದು ಮಧ್ಯಾವಧಿ ಪರಾಮರ್ಶೆಯ ಕಥೆ ಇದೆ. 1876ರಿಂದ 78ರವರೆಗಿನ ಬರ ಮೈಸೂರು ಸಂಸ್ಥಾನವನ್ನೂ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದ ಬಳ್ಳಾರಿ ಜಿಲ್ಲೆಯನ್ನೂ ಹಣ್ಣುಮಾಡಿತು. ಪರಿಹಾರ ಕಾಮಗಾರಿಗಳಲ್ಲಿ ಜನ ಕಲ್ಲು ಒಡೆಯುತ್ತಿದ್ದರು, ಮಣ್ಣು ಹೊರುತ್ತಿದ್ದರು. ಖರ್ಚು ಕೈಮೀರುತ್ತಿದೆ ಎಂದು ವೈಸರಾಯ್ ಲಿಟ್ಟನ್ ತನ್ನ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್‌ನನ್ನು ಕಳಿಸಿದ. ಈ ಟೆಂಪಲ್ ಹಿಂದೆ, 1874ರ ಬಿಹಾರದ ಬರದಲ್ಲಿ, ಬರ್ಮಾದಿಂದ ಅಕ್ಕಿ ತರಿಸಿ ಬಹುಪಾಲು ಸಾವುಗಳನ್ನು ತಡೆದವನು. ಅದಕ್ಕಾಗಿ ಅವನಿಗೆ ಸಿಕ್ಕ ಬಹುಮಾನ ದುಂದುಗಾರನೆಂಬ ಟೀಕೆ. ದಕ್ಷಿಣಕ್ಕೆ ಬರುವಾಗ ಆ ಪಾಠ ಅವನ ಜೊತೆಗಿತ್ತು. 1877ರ ಜನವರಿಯಲ್ಲಿ ಪರಿಹಾರ ಕಾರ್ಯ ಸುತ್ತಿ ನೋಡಿ, ಒಂದೂವರೆ ಪೌಂಡ್ ಇದ್ದ ದಿನದ ಧಾನ್ಯದ ಅಳತೆಯನ್ನು ಒಂದು ಪೌಂಡಿಗೆ ಇಳಿಸಿದ. ದುಡಿಯುವ ಗಂಡಾಳಿಗೆ ದಿನಕ್ಕೆ ಅರ್ಧ ಕಿಲೋಗಿಂತ ಕಡಿಮೆ ಧಾನ್ಯ, ಮೇಲೆ ಬಿಡಿಕಾಸು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್, ಇದರಲ್ಲಿ ದೇಹ ನಿಲ್ಲುವುದಿಲ್ಲ ಎಂದು ಲೆಕ್ಕ ಮುಂದಿಟ್ಟು ವಾದಿಸಿದರು. ಕೆಲವು ತಿಂಗಳ ಬಳಿಕ ಅಳತೆ ಏರಿತು. ನಡುವಿನ ಆ ತಿಂಗಳುಗಳನ್ನು ಕಳೆದವರು ಟೆಂಪಲ್ ಅಲ್ಲ, ಕಾರ್ನಿಶ್ ಕೂಡ ಅಲ್ಲ.

ಟೆಂಪಲ್‌ನ ಪರಾಮರ್ಶೆಯಲ್ಲಿ ಅಂಕಿಅಂಶಗಳ ಕೊರತೆ ಇರಲಿಲ್ಲ. ಅವನು ಊರೂರು ಸುತ್ತಿದ್ದ, ಜನರನ್ನು ಕಣ್ಣಾರೆ ಕಂಡಿದ್ದ. ಆದರೆ ಅವನು ಹೊತ್ತು ತಂದ ಪ್ರಶ್ನೆ ಖಜಾನೆಯದು. ಖಜಾನೆಯ ಪ್ರಶ್ನೆ ಕೇಳಿದವನಿಗೆ ಖಜಾನೆಯ ಉತ್ತರ ಸಿಕ್ಕಿತು: ಪರಿಹಾರ ಪಡೆಯುವವರು ಅತಿಯಾಗಿದ್ದಾರೆ.

ಇದು ಹಳೆಯ ವಸಾಹತುಶಾಹಿ ಕಥೆ ಎಂದು ಬದಿಗಿಡುವ ಮೊದಲು 2025ನ್ನು ನೋಡಬೇಕು. ಆ ವರ್ಷಕ್ಕೆಂದು ವಿಶ್ವಸಂಸ್ಥೆಯ ಮಾನವೀಯ ನೆರವಿನ ಸಮನ್ವಯ ಕಚೇರಿ 4,700 ಕೋಟಿ ಡಾಲರ್ ಕೇಳಿತ್ತು, ಸುಮಾರು 19 ಕೋಟಿ ಜನರಿಗಾಗಿ. ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು, ಬೇರೆ ದೇಶಗಳೂ ಕೈ ಬಿಗಿಮಾಡಿದವು. ವರ್ಷದ ನಡುವೆ, ಜೂನ್ ತಿಂಗಳಲ್ಲಿ, ಯೋಜನೆಯನ್ನು ಮತ್ತೆ ಬರೆದರು: 2,900 ಕೋಟಿ ಡಾಲರ್, 11.4 ಕೋಟಿ ಜನ. ಆರು ತಿಂಗಳಲ್ಲಿ ಏಳು ಕೋಟಿಗೂ ಹೆಚ್ಚು ಜನರ ಹಸಿವು ತೀರಿಬಿಟ್ಟಿತೇ? ಇಲ್ಲ. ಅವರು ಆದ್ಯತೆಯ ಪಟ್ಟಿಯಿಂದ ಹೊರಗೆ ಉಳಿದರು. ಆ ಕಚೇರಿಯನ್ನು ಟೆಂಪಲ್‌ಗೆ ಹೋಲಿಸುವುದು ಅನ್ಯಾಯ. ಅದು ಕಡಿತವನ್ನು ಸಮರ್ಥಿಸಲಿಲ್ಲ, ಹಣವಿಲ್ಲ ಎಂದು ಬಾಯಿಬಿಟ್ಟು ಹೇಳಿತು. ಆದರೂ ಎರಡು ಕಾಲಗಳನ್ನು ಜೋಡಿಸುವ ಎಳೆಯೊಂದಿದೆ. ನಡುದಾರಿಯಲ್ಲಿ ನಿಂತು ಕೇಳುವ ಪ್ರಶ್ನೆ ಕೊಡುವವನ ಕೈಯಿಂದ ಶುರುವಾದಾಗ, ಬದಲಾಗುವುದು ಉಣ್ಣುವವನ ತಟ್ಟೆ. ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿರುವ ರೋಹಿಂಗ್ಯಾ ನಿರಾಶ್ರಿತರಿಗೆ ವಿಶ್ವ ಆಹಾರ ಕಾರ್ಯಕ್ರಮ ಕೊಡುತ್ತಿದ್ದ ತಲಾ ತಿಂಗಳ ಪಡಿತರ 12 ಡಾಲರ್ ಇತ್ತು. 2023ರ ಮಾರ್ಚ್‌ನಲ್ಲಿ ಅದು 10 ಆಯಿತು, ಜೂನ್‌ನಲ್ಲಿ 8 ಆಯಿತು. ಮರುವರ್ಷ ಮತ್ತೆ ಏರಿತು. ಇಲ್ಲಿಯೂ ನಡುವೆ ಕೆಲವು ತಿಂಗಳುಗಳಿವೆ.

ಈಗ ಕಾಲದ ಮಾತಿಗೆ ಬರೋಣ. ಸೊಮಾಲಿಯಾದಲ್ಲಿ ಬರಗಾಲ ಕವಿಯುತ್ತಿದೆ ಎಂದು ಮುನ್ನೆಚ್ಚರಿಕೆ ವ್ಯವಸ್ಥೆಗಳು 2010ರ ಆಗಸ್ಟ್‌ನಿಂದಲೇ ಹೇಳತೊಡಗಿದ್ದವು. ಕ್ಷಾಮ ಎಂದು ವಿಶ್ವಸಂಸ್ಥೆ ಘೋಷಿಸಿದ್ದು 2011ರ ಜುಲೈ 20ರಂದು. ಘೋಷಣೆಯ ನಂತರವೇ ಹಣ ಹರಿಯಿತು, ವಿಮಾನಗಳು ಇಳಿದವು. ಆಮೇಲೆ ನಡೆದ ಅಧ್ಯಯನದ ಅಂದಾಜಿನಂತೆ ಆ ಕ್ಷಾಮದಲ್ಲಿ ಸತ್ತವರು ಸುಮಾರು 2,58,000 ಜನ. ಅವರಲ್ಲಿ ಅರ್ಧಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಮತ್ತು ಆ ಸಾವುಗಳಲ್ಲಿ ಸರಿಸುಮಾರು ಅರ್ಧ, ಘೋಷಣೆ ಹೊರಬೀಳುವ ಹೊತ್ತಿಗೆ ನಡೆದುಹೋಗಿದ್ದವು.

ಈ ಒಂದು ಸಂಗತಿಯನ್ನು ಯೋಜನೆಯ ಭಾಷೆಯಲ್ಲಿ ಇಟ್ಟು ನೋಡಿ. ಕಚೇರಿಗೆ ಅದು ಮೊದಲ ದಿನ. ಸಾವಿಗೆ ಅದು ನಡುದಾರಿ. ಕಚೇರಿ ತನ್ನ ನಡುದಾರಿಗೆ ಬಂದು ಪರಾಮರ್ಶೆಗೆ ಕೂರುವ ಹೊತ್ತಿಗೆ ಅತ್ತ ದಾರಿಯೇ ಮುಗಿದಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಂದಿನ ವರದಿಗಳು ಅದಕ್ಕೊಂದು ಸಾಲು ಸೇರಿಸುತ್ತವೆ: ಬಾಗಿಲು ಹಾಕುವ ಕೆಲಸ ಗುರಿಯ ಶೇ. 92ರಷ್ಟು ಆಗಿದೆ. ಆ ಅಂಕಿ ಸುಳ್ಳಲ್ಲದಿರಬಹುದು. ಲಸಿಕೆ ಹಾಕಿದ್ದು ನಿಜ, ಪೌಷ್ಟಿಕ ಆಹಾರದ ಪೊಟ್ಟಣ ಹಂಚಿದ್ದು ನಿಜ, ಮಕ್ಕಳು ಉಳಿದದ್ದೂ ನಿಜ. ಆದರೆ ಎಣಿಕೆ ಎಲ್ಲಿಂದ ಶುರುವಾಯಿತು ಎಂಬುದನ್ನು ಕಚೇರಿಯೇ ನಿರ್ಧರಿಸುವುದರಿಂದ, ಎಣಿಕೆಗೆ ಮುಂಚೆ ಸತ್ತವರು ಯಾವ ಕಾಲಂನಲ್ಲೂ ಬರುವುದಿಲ್ಲ.

ಕ್ಷಾಮ ಎಂಬ ಪದಕ್ಕೆ ಈಗ ನಿಗದಿಯಾದ ಅಳತೆಗಳಿವೆ. ಒಂದು ಪ್ರದೇಶದ ಐದರಲ್ಲೊಂದು ಕುಟುಂಬ ತೀರಾ ಆಹಾರವಿಲ್ಲದೆ ಇರಬೇಕು, ಮಕ್ಕಳಲ್ಲಿ ಶೇ. 30ರಷ್ಟು ತೀವ್ರ ಅಪೌಷ್ಟಿಕತೆ ಇರಬೇಕು, ಹತ್ತು ಸಾವಿರ ಜನರಲ್ಲಿ ದಿನಕ್ಕೆ ಇಬ್ಬರು ಸಾಯುತ್ತಿರಬೇಕು. ಪದದ ದುರ್ಬಳಕೆ ಆಗಬಾರದೆಂದು ಮಾಡಿದ ಅಳತೆ ಇದು, ಅದರ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ಒಂದು ಪದ ಉಚ್ಚರಿಸಲು ಇಷ್ಟು ಹೆಣ ಬೀಳಬೇಕು ಎಂಬ ನಿಯಮ ಯಾವ ನಿಘಂಟಿನಲ್ಲೂ ಇಲ್ಲ. 2022ರಲ್ಲಿ ಸೊಮಾಲಿಯಾ ಮತ್ತೆ ಬರಕ್ಕೆ ಸಿಕ್ಕಿತು. ಈ ಬಾರಿ ಕ್ಷಾಮ ಘೋಷಣೆಯಾಗಲಿಲ್ಲ, ಅದನ್ನು ತಡೆದೆವು ಎಂದು ನೆರವಿನ ಸಂಸ್ಥೆಗಳು ಹೇಳಿದವು. ಹಿಂದಿನ ಸಲಕ್ಕಿಂತ ಬೇಗ ಎಚ್ಚೆತ್ತದ್ದು ಹೌದು. ಆದರೂ ಆ ಒಂದು ವರ್ಷದಲ್ಲಿ ಬರದಿಂದ ಹೆಚ್ಚುವರಿಯಾಗಿ ಸತ್ತವರು 43,000 ಎಂದು ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಮಾಡಿಸಿದ ಅಧ್ಯಯನವೇ ಅಂದಾಜಿಸಿತು. ಅವರಲ್ಲೂ ಅರ್ಧ ಪಾಲು ಚಿಕ್ಕ ಮಕ್ಕಳು. ಆ ಮಕ್ಕಳ ತಾಯಂದಿರಿಗೆ, ತಮ್ಮೂರಿನಲ್ಲಿ ಆದದ್ದು ಕ್ಷಾಮವಲ್ಲ ಎಂದು ಯಾರಾದರೂ ವಿವರಿಸಿದರೋ ಇಲ್ಲವೋ.

ಭಾಷೆಯ ಪ್ರಶ್ನೆ ಇನ್ನೂ ನೇರವಾದದ್ದು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ನೆರವಿನ ಸಮನ್ವಯ ಸಭೆಗಳು ಪೋರ್ಟೋಪ್ರಿನ್ಸ್‌ನ ವಿಶ್ವಸಂಸ್ಥೆ ನೆಲೆಯೊಳಗೆ, ಕಾವಲಿನ ಆಚೆ, ಬಹುಪಾಲು ಇಂಗ್ಲಿಷಿನಲ್ಲಿ ನಡೆದವು. ಆ ದೇಶದ ಮಾತು ಕ್ರಿಯೋಲ್, ಓದಿದವರಿಗೆ ಫ್ರೆಂಚ್. ತಮ್ಮ ಊರನ್ನು ಹೇಗೆ ಕಟ್ಟಬೇಕು ಎಂಬ ಸಭೆಗೆ ಅಲ್ಲಿನವರೇ ಹೊರಗಿನವರಾದರು. ವರ್ಷಗಳ ನಂತರವೂ ಪಾಠ ಕಲಿತಂತೆ ಕಾಣುವುದಿಲ್ಲ. 2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್ ಸೇನೆಯ ದಾಳಿಗೆ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿಬಂದರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಬಾಂಗ್ಲಾ ಸರ್ಕಾರದ ಜೊತೆ ಸೇರಿ ಅವರ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಂಡು ಕಾರ್ಡು ಕೊಟ್ಟಿತು. ಪಡಿತರಕ್ಕೆ ಆ ಕಾರ್ಡು ಬೇಕು. ಹ್ಯೂಮನ್ ರೈಟ್ಸ್ ವಾಚ್ 2021ರಲ್ಲಿ ಹೊರತಂದ ವರದಿಯ ಪ್ರಕಾರ, ನೋಂದಣಿಯಾದವರಿಗೆ ಕೊಟ್ಟ ರಸೀದಿಯಲ್ಲಿ ಒಂದು ಪುಟ್ಟ ಚೌಕವಿತ್ತು: ನಿಮ್ಮ ಮಾಹಿತಿಯನ್ನು ಮ್ಯಾನ್ಮಾರ್ ಸರ್ಕಾರದ ಜೊತೆ ಹಂಚಿಕೊಳ್ಳಲು ಒಪ್ಪಿಗೆಯೇ, ಹೌದೋ ಅಲ್ಲವೋ. ರಸೀದಿ ಇದ್ದದ್ದು ಇಂಗ್ಲಿಷಿನಲ್ಲಿ ಮಾತ್ರ. ಆ ಸಂಸ್ಥೆ ಮಾತಾಡಿಸಿದ 24 ಜನರಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದವರು ಮೂವರು. ಕನಿಷ್ಠ 8,30,000 ಜನರ ಹೆಸರುಗಳು, ಅವರು ಯಾರಿಂದ ತಪ್ಪಿಸಿಕೊಂಡು ಬಂದಿದ್ದರೋ ಆ ಸರ್ಕಾರದ ಕೈ ಸೇರಿದವು. ಎಲ್ಲರಿಗೂ ವಿವರಿಸಿ ಒಪ್ಪಿಗೆ ಪಡೆದೇ ಮಾಡಿದ್ದೇವೆ ಎಂದು ನಿರಾಶ್ರಿತರ ಸಂಸ್ಥೆ ಉತ್ತರಿಸಿತು.

ಯಾವುದು ನಿಜ ಎಂಬ ಜಗಳ ಹಾಗಿರಲಿ. ಕಚೇರಿಯ ಪರಾಮರ್ಶೆಯಲ್ಲಿ ಈ ಕೆಲಸ ಹೇಗೆ ಕಾಣುತ್ತದೆ ಎಂದು ಯೋಚಿಸಿ. ನೋಂದಣಿ: ಗುರಿ ಇಷ್ಟು, ಸಾಧನೆ ಇಷ್ಟು, ಬಣ್ಣ ಹಸಿರು. ನೋಂದಣಿ ಆದವರನ್ನು ಅವರ ಮಾತಿನಲ್ಲಿ ಕೇಳಿದ್ದರೆ ಇದೇ ಸಾಲಿಗೆ ಬೇರೆ ಬಣ್ಣ ಬರುತ್ತಿತ್ತು. ಈ ಜನರಿಗೆ ನಾವು ಕನ್ನಡದಲ್ಲೂ ಬಳಸುವ ಸರ್ಕಾರಿ ಪದ 'ಫಲಾನುಭವಿ'. ಫಲವನ್ನು ಅನುಭವಿಸುವವರು. ಆ ಪದ ಬರೆದ ಕೂಡಲೇ ಮುಂದಿನ ಪ್ರಶ್ನೆಯ ಬಾಗಿಲು ಮುಚ್ಚುತ್ತದೆ. ಫಲ ಅನುಭವಿಸುವವರಿಗೆ ತಕರಾರು ಹೇಗೆ ಇದ್ದೀತು?

ಇಷ್ಟು ಹೇಳಿದ ಮೇಲೆ ಎದುರು ವಾದಗಳನ್ನು ಕೇಳಿಸಿಕೊಳ್ಳಬೇಕು, ಅವು ಹಗುರವಾದವಲ್ಲ.

ಮನೆಗೆ ಬೆಂಕಿ ಬಿದ್ದಾಗ ಭಾಷೆ, ಒಪ್ಪಿಗೆ ಎಂದು ಕೂರಲು ಆಗುವುದಿಲ್ಲ ಎಂಬುದು ಒಂದು. ಮೊದಲ 72 ಗಂಟೆಗೆ ಇದು ನಿಜ. ಆದರೆ ನಾವು ಮಾತಾಡುತ್ತಿರುವುದು ಯೋಜನೆಯ ಎರಡನೇ ವರ್ಷದ ಬಗ್ಗೆ. ಕಾಕ್ಸ್ ಬಜಾರಿನ ಶಿಬಿರಗಳು ಎಂಟು ವರ್ಷ ದಾಟಿವೆ. ಎಂಟು ವರ್ಷದ ಬೆಂಕಿಗೆ ತುರ್ತು ಎಂಬ ಹೆಸರಿಟ್ಟುಕೊಂಡು, ಕೇಳಲು ಸಮಯವಿಲ್ಲ ಎನ್ನುವುದು ಸಲ್ಲದು. ತುರ್ತು ಎಂಬ ಪದ ಆಳುವವರ ಬಾಯಲ್ಲಿ ಪ್ರಶ್ನೆ ನಿಲ್ಲಿಸುವ ಪದವಾಗಬಲ್ಲದು ಎಂಬುದನ್ನು 1975ರ ಜೂನ್ ಕಂಡ ದೇಶಕ್ಕೆ ಹೊಸದಾಗಿ ಹೇಳಬೇಕಿಲ್ಲ.

ಹಣ ಕೊಟ್ಟವರಿಗೆ ಲೆಕ್ಕ ಕೊಡಬೇಡವೇ ಎಂಬುದು ಎರಡನೆಯದು. ಕೊಡಬೇಕು. ನೆರವಿನ ಹೆಸರಿನಲ್ಲಿ ಕದ್ದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದರೆ ಲೆಕ್ಕಪತ್ರ ಒಂದು, ಪರಾಮರ್ಶೆ ಇನ್ನೊಂದು. ಮೊದಲನೆಯದನ್ನು ಲೆಕ್ಕಪರಿಶೋಧಕರು ನೋಡಲಿ. ಎರಡನೆಯದರ ಜಾಗದಲ್ಲಿ ಮೊದಲನೆಯದನ್ನು ತಂದು ಕೂರಿಸಬೇಡಿ ಎನ್ನುತ್ತಿದ್ದೇನೆ, ಅಷ್ಟೇ.

ಮೂರನೆಯದು ಗಟ್ಟಿ ವಾದ: ಪರಾಮರ್ಶೆಗಳಿಂದಲೇ ಜೀವ ಉಳಿದಿವೆ. 1994ರ ಜುಲೈನಲ್ಲಿ ರುವಾಂಡಾದಿಂದ ಲಕ್ಷಾಂತರ ಜನ ಗಡಿ ದಾಟಿ ಗೋಮಾ ಊರಿನ ಸುತ್ತ ಬೀಡುಬಿಟ್ಟರು. ಕುಡಿಯಲು ನೀರಿಲ್ಲ, ಗುಂಡಿ ತೋಡಲು ಬಿಡದ ಜ್ವಾಲಾಮುಖಿಯ ಕಲ್ಲುನೆಲ. ಮೊದಲ ಒಂದು ತಿಂಗಳಲ್ಲೇ ಕಾಲರಾ, ಆಮಶಂಕೆಗೆ ಸುಮಾರು 50,000 ಜನ ಸತ್ತರು. 1996ರಲ್ಲಿ ಅನೇಕ ದೇಶ, ಸಂಸ್ಥೆಗಳು ಒಟ್ಟುಗೂಡಿ ಹೊರತಂದ ಮೌಲ್ಯಮಾಪನ ಯಾರಿಗೂ ರಿಯಾಯಿತಿ ತೋರಲಿಲ್ಲ. ರಾಜಕೀಯವಾಗಿ ಮಾಡಬೇಕಾದ ಕೆಲಸಕ್ಕೆ ಕಂಬಳಿ, ಔಷಧಿ ಬದಲಿಯಾಗಲಾರವು ಎಂದಿತು. ಅದರ ಬೆನ್ನಿಗೇ 'ಸ್ಫಿಯರ್' ಎಂಬ ಕನಿಷ್ಠ ಮಾನದಂಡಗಳು ಬಂದವು. ತಲೆಗೆ ದಿನಕ್ಕೆ 15 ಲೀಟರ್ ನೀರು, 20 ಜನರಿಗೊಂದು ಶೌಚಾಲಯ ಎಂದು ಇಂದು ಯಾವ ಶಿಬಿರದಲ್ಲಾದರೂ ಕೇಳುವ ಹಕ್ಕು ಬಂದದ್ದು ಹಾಗೆ. ಇದನ್ನು ಒಪ್ಪುತ್ತೇನೆ. ಆದರೆ ಆ ಮೌಲ್ಯಮಾಪನ ಒಂದು ಕಚೇರಿ ತನ್ನ ಯೋಜನೆಗೆ ಕೊಟ್ಟುಕೊಂಡ ಅಂಕಪಟ್ಟಿ ಆಗಿರಲಿಲ್ಲ. ಗುರಿ ಮುಟ್ಟಿದೆವೇ ಎಂಬುದಕ್ಕಿಂತ ಜನ ಯಾಕೆ ಸತ್ತರು ಎಂಬುದು ಅದಕ್ಕೆ ಮುಖ್ಯವಾಗಿತ್ತು.

ಸರಿಯಾದ ಪರಾಮರ್ಶೆಗೆ ಇನ್ನೊಂದು ಉದಾಹರಣೆ ನಮ್ಮ ಹಳ್ಳಿಗಳಲ್ಲೇ ಇದೆ, ಅದೂ ಯುನಿಸೆಫ್‌ನದೇ. 1967ರ ಬರದಲ್ಲಿ ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ವಿಮಾನದಲ್ಲಿ ಭಾರತಕ್ಕೆ ತಂದಿತು. ತುರ್ತಿಗೆ ಶುರುವಾದ ಕೆಲಸ ಕಾಯಂ ಕಾರ್ಯಕ್ರಮವಾಯಿತು. ಕೊರೆದ ಬಾವಿಗಳ ಸಂಖ್ಯೆ ವರ್ಷ ವರ್ಷ ಏರುತ್ತಿತ್ತು. ಇಂದಿನ ಕಾಲಂಗಳಲ್ಲಿ ಹಾಕಿದರೆ ಪುಟದ ತುಂಬ ಹಸಿರು. 1974ರ ಸುಮಾರಿಗೆ ಯಾರೋ ಬಾವಿಯ ಲೆಕ್ಕ ಬಿಟ್ಟು ಪಂಪು ನೋಡಲು ಹೋದರು. ಸಮೀಕ್ಷೆ ಮಾಡಿದ ಕಡೆ ಮುಕ್ಕಾಲು ಪಾಲು ಕೈಪಂಪುಗಳು ಕೆಟ್ಟು ನಿಂತಿದ್ದವು. ಅವು ವಿದೇಶದ ಒಂಟಿ ಮನೆಗಳಿಗೆಂದು ಮಾಡಿದ ಎರಕದ ಕಬ್ಬಿಣದ ಪಂಪುಗಳ ನಕಲು. ಬೆಳಗಿನಿಂದ ಸಂಜೆವರೆಗೆ ಇಡೀ ಊರು ಜಗ್ಗುವ ಪಂಪಿನ ಕಷ್ಟ ಅವಕ್ಕೆ ಗೊತ್ತಿರಲಿಲ್ಲ.

ಆಗ ಮಾಡಿದ್ದೇನು? ಕೊರೆಯುವ ಗುರಿ ಸಾಧಿಸಿದ್ದೇವೆ, ನಿರ್ವಹಣೆ ಒಂದು ಸವಾಲಾಗಿದೆ ಎಂದು ಬರೆದು ಮುಂದೆ ಹೋಗಲಿಲ್ಲ. ಪಂಪನ್ನೇ ಬದಲಿಸಲು ಹೊರಟರು. ಅದಕ್ಕೆ ಆಧಾರವಾದದ್ದು ಪರದೇಶದ ಪ್ರಯೋಗಾಲಯದ ನಕ್ಷೆಯಲ್ಲ, ಮರಾಠಿಯಷ್ಟೇ ಸಲೀಸಾಗಿ ಕನ್ನಡವೂ ಕೇಳುವ ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ತಯಾರಾದ ಒಂದು ಪಂಪು. ಅದರಿಂದ ಬೆಳೆದದ್ದು ಇಂಡಿಯಾ ಮಾರ್ಕ್ 2. ಎಪ್ಪತ್ತರ ದಶಕದ ಕೊನೆಗೆ ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯಲ್ಲಿ ಅದರ ತಯಾರಿಕೆ ಶುರುವಾಯಿತು. ನಂತರ ಆಫ್ರಿಕಾದ ಹಳ್ಳಿಗಳಿಗೂ ಹೋಯಿತು. ನಮ್ಮ ಊರುಗಳಲ್ಲಿ ಇಂದಿಗೂ 'ಬೋರಿಂಗ್' ಎಂದು ಕರೆಯುವ, ಉದ್ದ ಹಿಡಿಕೆಯ, ಒಳಗೆ ಸರಪಳಿ ಇರುವ ಪಂಪು ಅದೇ. ಕಚೇರಿಯನ್ನು ಬಿಟ್ಟು ಬಾವಿಕಟ್ಟೆಯನ್ನು ಕೇಳಿದ ಪರಾಮರ್ಶೆಯಿಂದ ಬಂದ ನೀರು ಅದು.

ಇವತ್ತು ಅಂಥ ಪರಾಮರ್ಶೆ ಯಾಕೆ ಅಪರೂಪ? ಸ್ಥಳೀಯರ ಕೈಗೆ ಅಧಿಕಾರ ಕೊಡಬೇಕು ಎಂಬ ಮಾತಿಗೆ ಬರವಿಲ್ಲ. 2016ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಮಾನವೀಯ ಶೃಂಗಸಭೆ ನಡೆಯಿತು. ದೊಡ್ಡ ದಾನಿ ದೇಶಗಳೂ ಯುನಿಸೆಫ್ ಸೇರಿದಂತೆ ದೊಡ್ಡ ಸಂಸ್ಥೆಗಳೂ 'ಗ್ರ್ಯಾಂಡ್ ಬಾರ್ಗೇನ್' ಎಂಬ ಒಪ್ಪಂದಕ್ಕೆ ಬಂದವು. 2020ರ ಹೊತ್ತಿಗೆ ನೆರವಿನ ಹಣದ ಕನಿಷ್ಠ ಶೇ. 25ರಷ್ಟನ್ನು ಆದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತೇವೆ ಎಂದು ಮಾತು ಕೊಟ್ಟವು. 2020 ಬಂತು. ನೇರವಾಗಿ ಹೋದದ್ದು ಶೇ. 3ರ ಆಸುಪಾಸು. ಮಧ್ಯವರ್ತಿಗಳ ಮೂಲಕ ಹೋದದ್ದನ್ನೂ ಸೇರಿಸಿಕೊಳ್ಳಿ ಎಂದು ಸಂಸ್ಥೆಗಳು ಹೇಳುತ್ತವೆ, ಸೇರಿಸಿದರೆ ಅಂಕಿ ಏರುತ್ತದೆ. ಆದರೆ ಮಧ್ಯವರ್ತಿ ಕೊಡುವ ಹಣದ ಜೊತೆ ಮಧ್ಯವರ್ತಿಯ ಕಾಲಂಗಳೂ ಬರುತ್ತವೆ. ಸ್ಥಳೀಯ ಸಂಸ್ಥೆ ಅದೇ ಭಾಷೆಯಲ್ಲಿ ವರದಿ ಬರೆಯಲು ಕಲಿಯುತ್ತದೆ. ಬಾವಿಕಟ್ಟೆಯಲ್ಲಿ ಇರಬೇಕಾದವರು ಲ್ಯಾಪ್‌ಟಾಪಿನ ಮುಂದೆ ಕೂರುತ್ತಾರೆ.

2018ರಿಂದ 2021ರ ಯೋಜನೆ ತನ್ನ ನಡುದಾರಿ ಮುಟ್ಟಿದ್ದು 2020ರ ಆರಂಭದಲ್ಲಿ. ಮಾರ್ಚ್ 11ಕ್ಕೆ ಕೊರೊನಾ ಜಾಗತಿಕ ಪಿಡುಗೆಂದು ಘೋಷಣೆಯಾಯಿತು. ಎಲ್ಲ ಯೋಜನೆಗಳ ನಡುಭಾಗ ಕ್ಷಣದಲ್ಲಿ ಅರ್ಥ ಕಳೆದುಕೊಂಡಿತು. ನಾಲ್ಕು ವರ್ಷದ ಹಾಳೆಯ ಮೇಲೆ ತುರ್ತನ್ನು ಬರೆದಿಡಲು ಹೊರಟವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಸಿಗಲಾರದು.

ಹಾಗಾದರೆ ಯೋಜನೆಯೇ ಬೇಡವೇ? ಬೇಕು. ಗೋದಾಮಿನಲ್ಲಿ ಮೊದಲೇ ಔಷಧಿ ಇಡಲು, ಜನರನ್ನು ತರಬೇತು ಮಾಡಲು ಯೋಜನೆ ಇಲ್ಲದೆ ಆಗದು. ಪರಾಮರ್ಶೆಯೂ ಬೇಕು. ಆದರೆ ಅದಕ್ಕೆ ಮೂರು ಶರತ್ತುಗಳಿರಲಿ.

ಒಂದು, ಪರಾಮರ್ಶೆಯ ಮೊದಲ ಪುಟ ನೆರವು ಪಡೆದವರದ್ದಾಗಬೇಕು. ಅವರ ಭಾಷೆಯಲ್ಲಿ ಕೇಳಬೇಕು, ಬರೆದದ್ದನ್ನು ಅವರ ಭಾಷೆಯಲ್ಲೇ ಅವರಿಗೆ ಓದಿ ಹೇಳಬೇಕು. ಓದಲು ಬಾರದವರು ಕಿವಿಯಿಂದ ಕೇಳುತ್ತಾರೆ, ಜಗತ್ತಿನ ದೊಡ್ಡ ಸಾಹಿತ್ಯವೆಲ್ಲ ಹಾಗೇ ಬಂದದ್ದು. ಅವರು ತಲೆಯಾಡಿಸದ ವರದಿ ಕಾರ್ಯಕಾರಿ ಮಂಡಳಿಯ ಮೇಜಿಗೆ ಹೋಗಬಾರದು.

ಎರಡು, ತಡವನ್ನು ಎಣಿಸಬೇಕು. ಮೊದಲ ಎಚ್ಚರಿಕೆಗೂ ಮೊದಲ ಹಣಕ್ಕೂ ನಡುವೆ ಎಷ್ಟು ದಿನ, ಆ ದಿನಗಳಲ್ಲಿ ಸತ್ತವರು ಎಷ್ಟು ಎಂಬ ಕಾಲಂ ಎಲ್ಲಕ್ಕಿಂತ ಮೊದಲು ಬರಬೇಕು. ಆ ತಡಕ್ಕೆ ಕಚೇರಿಯಷ್ಟೇ ಹೊಣೆಯಲ್ಲ, ದಾನಿ ಸರ್ಕಾರಗಳೂ ಹೊಣೆ. ಅದಕ್ಕಾಗಿಯೇ ಆ ಕಾಲಂ ಬೇಕು. ಈಗಿನ ವರದಿಗಳು ದಾನಿಗಳನ್ನು ಧನ್ಯವಾದದ ಪುಟದಲ್ಲಿ ಮಾತ್ರ ಹೆಸರಿಸುತ್ತವೆ.

ಮೂರು, ಪರಾಮರ್ಶೆಗೆ ನಿಲ್ಲಿಸುವ ಅಧಿಕಾರ ಇರಬೇಕು. ಕೆಟ್ಟ ಪಂಪು ಹಾಕುವುದನ್ನು ನಿಲ್ಲಿಸದ ಸಮೀಕ್ಷೆಯಿಂದ ಯಾರಿಗೂ ನೀರು ಸಿಗುತ್ತಿರಲಿಲ್ಲ. ಇಂಗ್ಲಿಷ್ ರಸೀದಿಯನ್ನು ನಿಲ್ಲಿಸಲಾಗದ ಪರಾಮರ್ಶೆ ಎಷ್ಟು ಪುಟವಿದ್ದರೇನು?

ಇವನ್ನು ಜಾರಿಗೆ ತರುವ ಕೈಗಳು ನ್ಯೂಯಾರ್ಕ್, ಜಿನೀವಾಗಳಲ್ಲಿವೆ. ಈ ಪತ್ರಿಕೆ ಓದುವವರಲ್ಲಿ ಅನೇಕರು ನಾಳೆ ಅಂಥ ಕಚೇರಿಗಳಲ್ಲಿ, ಇಲ್ಲವೇ ಇಲ್ಲಿನ ಯಾವುದೋ ಸ್ವಯಂಸೇವಾ ಸಂಸ್ಥೆಯಲ್ಲಿ, ಜಿಲ್ಲಾಡಳಿತದಲ್ಲಿ ಕೆಲಸ ಮಾಡುತ್ತೀರಿ. ಸಾಹಿತ್ಯ ಓದಿದವರನ್ನು ಇಂಥ ಕಡೆ ಕರೆಯುವುದು ಸಾಮಾನ್ಯವಾಗಿ ವರದಿ ತಿದ್ದಿಕೊಡಲು, ಭಾಷೆ ನಯ ಮಾಡಲು. ಆ ಕೆಲಸ ಕೈಗೆ ಬಂದಾಗ 'ಸವಾಲುಗಳು ಎದುರಾಗಿವೆ' ಎಂಬ ವಾಕ್ಯದ ಮುಂದೆ ಪೆನ್ನು ನಿಲ್ಲಿಸಿ, ಯಾರಿಗೆ ಎಂದು ಅಂಚಿನಲ್ಲಿ ಬರೆಯಿರಿ. ಮೇಲಿನವರು ಅದನ್ನು ಹೊಡೆದುಹಾಕಬಹುದು. ಮುಂದಿನ ವರದಿ ಬಂದಾಗ ಮತ್ತೆ ಬರೆಯಿರಿ.